ಬೆನ್ನುಮಣಿ ಬೆಸುಗೆ: ತಿರುಪು, ಸರಳು, ಪಂಜರ

ಕೇಳುಗರಿಗೆ ನಮಸ್ಕಾರ. ಕಲಬುರಗಿಯ ನೆಹರು ಗಂಜಿನಲ್ಲಿ ಮೂವತ್ತು ವರ್ಷ ತೊಗರಿ ಚೀಲ ಹೊತ್ತ ಹಮಾಲರೊಬ್ಬರು, ಶಸ್ತ್ರಚಿಕಿತ್ಸೆಯಾದ ಎರಡನೆಯ ವಾರ, ತಮ್ಮ ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಾಹೇಬ್ರ, ಈ ಮೊಳಿ ಜಂಗ್ ಹಿಡಿಯೂದಿಲ್ಲೇನ್ರಿ?" ಎಂದು ನನ್ನನ್ನು ಕೇಳಿದ್ದರು. ಸೊಂಟದ ನಾಲ್ಕನೆಯ ಮಣಿ ಐದನೆಯದರ ಮೇಲಿಂದ ಮುಂದಕ್ಕೆ ಜಾರಿ, ಕಾಲಿಗೆ ಹೋಗುವ ನರವನ್ನು ಒತ್ತಿತ್ತು. ಆ ಎರಡು ಮಣಿಗಳನ್ನು ಹಿಡಿದಿಡಲು ನಾಲ್ಕು ತಿರುಪು, ಎರಡು ಸರಳು ಮತ್ತು ನಡುವೆ ಒಂದು ಪುಟ್ಟ ಪಂಜರವನ್ನು ಇರಿಸಿದ್ದೆವು. ಇವು ಟೈಟಾನಿಯಂ ಎಂಬ ಲೋಹದವು, ಅದು ತನ್ನ ಮೈಮೇಲೆ ತಾನೇ ತೆಳುವಾದ ಪೊರೆ ಕಟ್ಟಿಕೊಳ್ಳುವುದರಿಂದ ಕಬ್ಬಿಣದಂತೆ ಜಂಗು ಹಿಡಿಯುವುದಿಲ್ಲ ಎಂದು ಹೇಳಿದೆ. ಆದರೆ ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ಮಣಿಗಳನ್ನು ಬೆಸೆಯುವುದು ಈ ಲೋಹವೇ?

ಅಲ್ಲ, ಬೆಸೆಯುವುದು ಮೂಳೆಯೇ. ಮನೆಗೆ ಸ್ಲ್ಯಾಬ್ ಹಾಕುವಾಗ ಕಾಂಕ್ರೀಟು ಗಟ್ಟಿಯಾಗುವ ತನಕ ಸೆಂಟ್ರಿಂಗ್ ಹೊತ್ತು ನಿಲ್ಲುವಂತೆ, ಎರಡು ಮಣಿಗಳ ನಡುವೆ ಹೊಸ ಮೂಳೆ ಬೆಳೆದು ಒಂದಾಗುವ ತನಕ ಈ ಸಾಧನಗಳು ಅವನ್ನು ಅಲುಗಾಡದಂತೆ ಹಿಡಿದಿರುತ್ತವೆ. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಸೆಂಟ್ರಿಂಗ್ ಬಿಚ್ಚುತ್ತಾರೆ, ಇವನ್ನು ಮಾತ್ರ ತೊಂದರೆ ಕೊಡದಿದ್ದರೆ ಒಳಗೇ ಬಿಡುತ್ತೇವೆ.

1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು ಕ್ಷಯ ಹಿಡಿದ ಬೆನ್ನುಮಣಿಗಳನ್ನು ಬೆಸೆದ ವಿಧಾನಗಳನ್ನು ಪ್ರಕಟಿಸಿದಾಗ, ಇಂಥ ತಿರುಪು ಸರಳುಗಳು ಇರಲಿಲ್ಲ. ಆಲ್ಬೀ ರೋಗಿಯ ಮೊಣಕಾಲ ಕೆಳಗಿನ ಮೂಳೆಯಿಂದಲೇ ಪಟ್ಟಿಯೊಂದನ್ನು ತೆಗೆದು ಬೆನ್ನಿಗೆ ಕೂರಿಸಿದರು. ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ಅಮೆರಿಕದ ಹ್ಯಾರಿಂಗ್ಟನ್ ಕೊಕ್ಕೆ ಮತ್ತು ಉಕ್ಕಿನ ಸರಳನ್ನು ತಂದರು. 1963ರಲ್ಲಿ ಫ್ರಾನ್ಸಿನ ರಾಯ್-ಕಮೀ ಮಣಿಯ ಹಿಂಭಾಗದಿಂದ ಅದರ ಮುಂಭಾಗದ ದಪ್ಪ ಮೂಳೆದಿಂಡಿನವರೆಗೆ ತಿರುಪು ಹಾಕುವ ದಾರಿ ಹಿಡಿದರು. ಹಿಂದಿನ ಕಮಾನನ್ನೂ ಮುಂದಿನ ದಿಂಡನ್ನೂ ಕೂಡಿಸುವ ಎರಡು ಗಿಡ್ಡ ಮೂಳೆಗಂಬಗಳೇ ಆ ದಾರಿ.

ಸೊಂಟಕ್ಕೆ ಹಾಕುವ ತಿರುಪು ಸುಮಾರು 6 ಮಿಲಿಮೀಟರ್ ದಪ್ಪ, 45 ಮಿಲಿಮೀಟರ್ ಉದ್ದ ಇರುತ್ತದೆ. ಅದು ಒಳಬದಿಗೆ ಕೆಲವೇ ಮಿಲಿಮೀಟರ್ ಸರಿದರೂ ನರಕ್ಕೆ ತಾಗಬಹುದು. ಆದ್ದರಿಂದಲೇ ಹಾಕುವಾಗ ಮತ್ತೆ ಮತ್ತೆ ಎಕ್ಸರೇ ನೋಡುತ್ತೇವೆ. ತಿರುಪಿನ ತಲೆ ಕವಲಿನಂತೆ ಬಾಯಿ ತೆರೆದು ನಾಲ್ಕೂ ದಿಕ್ಕಿಗೆ ಹೊರಳುತ್ತದೆ. ಆ ಬಾಯಿಯೊಳಗೆ ಸರಳು ಕೂರಿಸಿ, ಮೇಲಿನಿಂದ ಇನ್ನೊಂದು ಚಿಕ್ಕ ತಿರುಪು ಬಿಗಿದರೆ ಹೊರಳಾಟ ನಿಲ್ಲುತ್ತದೆ.

ಎರಡು ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ತೆಗೆದ ಜಾಗಕ್ಕೆ ಪಂಜರ, ಅದರ ಹೊಟ್ಟೆಯೊಳಗೆ ರೋಗಿಯದೇ ಮೂಳೆಯ ಚೂರು. ಈ ಪಂಜರದ ಪೂರ್ವಜ ಮೊದಲು ಕೂತದ್ದು ಕುದುರೆಗಳ ಕುತ್ತಿಗೆಯಲ್ಲಿ ಎಂದರೆ ರೋಗಿಗಳು ನಗುತ್ತಾರೆ. ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಂಜರ ಎಕ್ಸರೇಯಲ್ಲಿ ಕಾಣುವುದಿಲ್ಲವಾದ್ದರಿಂದ ಅದರಲ್ಲಿ ಲೋಹದ ಚುಕ್ಕೆಗಳನ್ನು ಇಟ್ಟಿರುತ್ತಾರೆ. ಅವನ್ನು ಕಂಡು "ಒಳಗ ಚೂರು ಉಳದಾವೇನ್ರಿ" ಎಂದು ಗಾಬರಿಯಾದವರೂ ಇದ್ದಾರೆ.

ಮೂಳೆ ಬೆಸೆಯದಿದ್ದರೆ ಬಾಗಿದಾಗಲೆಲ್ಲ ಭಾರ ಸರಳಿನ ಮೇಲೆಯೇ ಬೀಳುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಹೇಗೆ ತುಂಡಾಗುತ್ತದೆಯೋ, ಹಾಗೆ ಒಂದು ದಿನ ಅದೂ ಮುರಿಯುತ್ತದೆ. ಆಗ ಮನೆಯವರು "ಡುಪ್ಲಿಕೇಟ್ ಮಾಲು" ಎಂದು ದೂರುತ್ತಾರೆ. ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ಬೆಸೆಯದ ಮೂಳೆಯವು. ಬೀಡಿಯ ಚಟ ಮೂಳೆ ಬೆಳೆಯುವುದನ್ನು ತಡೆಯುತ್ತದೆ ಎಂಬುದನ್ನು ನಾನು ಬಿಗಿಯಾಗಿಯೇ ಹೇಳುತ್ತೇನೆ. ಅನುಮಾನ ಉಳಿದವರಿಗೂ ಒಂದು ದಾರಿಯಿದೆ: ಸಾಧನದ ಪೊಟ್ಟಣದ ಮೇಲಿನ ಚೀಟಿಯಲ್ಲಿ ತಯಾರಕರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುತ್ತವೆ. ಅದು ನಿಮ್ಮ ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿದೆಯೇ ಎಂದು ಆಸ್ಪತ್ರೆ ಬಿಡುವ ಮೊದಲೇ ನೋಡಿಕೊಳ್ಳಿ. ಮುಂದೆ ಎಂಆರ್‌ಐ ಮಾಡುವವರು ಮೊದಲು ಕೇಳುವುದೂ ಒಳಗೆ ಯಾವ ಲೋಹವಿದೆ ಎಂದೇ. ನಮಸ್ಕಾರ.