ಬಿಳಿಗುಂಡ್ಲುವಿನಲ್ಲಿ ಎಣಿಸದೆ ಉಳಿದದ್ದು

ಕೇಳುಗರಿಗೆ ನಮಸ್ಕಾರ.

ಬಿಳಿಗುಂಡ್ಲು ಎಂಬ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ತಮಿಳುನಾಡಿಗೆ ಕಾವೇರಿ ಎಷ್ಟು ಹರಿದಳು ಎಂದು ಅಳೆಯುವ ಜಾಗ ಅದು. 2018ರ ಸುಪ್ರೀಂ ಕೋರ್ಟ್ ತೀರ್ಪಿನ 177.25 ಟಿ.ಎಂ.ಸಿ.ಯ ಲೆಕ್ಕ ನಡೆಯುವುದು ಅಲ್ಲಿಯೇ. ನಾನು ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿ ಕಡೆಯವನು, ಅಲ್ಲಿನ ಕನ್ನಡ ಮನೆಗಳಲ್ಲಿ ನಮ್ಮದೂ ಒಂದು. ನೀರನ್ನು ಇಷ್ಟು ಜತನದಿಂದ ಅಳೆಯುವ ಹೊಳೆಯಲ್ಲಿ ಮೀನಿನ ಎಣಿಕೆ ನಿಂತುಹೋಗಿದೆ. ಆ ಸಂಕಟವನ್ನು ತೋಡಿಕೊಳ್ಳಲು ಬಂದಿದ್ದೇನೆ.

ಮೀನಿನ ಹೆಸರು ಮಹಶೀರ್; ನಮ್ಮವರ ಬಾಯಲ್ಲಿ ಬಿಳಿ ಮೀನು. ಅದರಲ್ಲಿಯೂ ಕಾವೇರಿಗೇ ಸೇರಿದ ಬಗೆಯೊಂದಿದೆ: ಬೆನ್ನು ಗೂನು, ಈಜುರೆಕ್ಕೆ ಕಿತ್ತಳೆ ಬಣ್ಣ. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೋ, ಸಿಮೆಂಟ್ ಮೂಟೆಗಿಂತ ಹೆಚ್ಚು.

ಮುಂದೆ ಕರ್ನಾಟಕದ ದಡದ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆದವು. ದೇಶವಿದೇಶಗಳಿಂದ ಹವ್ಯಾಸಿಗಳು ಬರುತ್ತಿದ್ದರು. ತೆಪ್ಪ ಹಾಕುತ್ತಿದ್ದವರು ನದಿಯ ಆಸುಪಾಸಿನ ಹಳ್ಳಿಯವರು. ನನ್ನ ಸೋದರಮಾವನೂ ಕೆಲವು ವರ್ಷ ಆ ಕೆಲಸ ಮಾಡಿದರು. ಗಾಳಕ್ಕೆ ಚುಚ್ಚುತ್ತಿದ್ದುದು ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಕಟ್ಟಿದ ಉಂಡೆ. ನಾವು ತಿನ್ನುವ ರಾಗಿಯೇ ಆ ಮೀನಿಗೂ ರುಚಿ ಎಂಬುದು ನನಗೆ ಇಂದಿಗೂ ಖುಷಿ ಕೊಡುತ್ತದೆ. ಮೀನು ಕಚ್ಚಿದೊಡನೆ ಬಂಡೆಗಳ ನಡುವಿನ ಬಿರುನೀರಿಗೆ ಓಡುತ್ತದೆ, ತೆಪ್ಪ ಅದರ ಹಿಂದೆ ಹೋಗಬೇಕು. “ಹೊಳೆಯೇ ದಾರ ಹಿಡಿದು ಎಳೆದ ಹಾಗಿರುತ್ತದೆ ಅಳಿಯ” ಎನ್ನುತ್ತಿದ್ದರು ಮಾವ. ದಣಿದ ಮೀನನ್ನು ತೂಗಿ, ಹರಿವಿಗೆ ಮುಖ ಮಾಡಿ ಕೈಯಲ್ಲಿ ಹಿಡಿದು, ಉಸಿರು ಮರಳಿದ ಮೇಲೆ ಬಿಟ್ಟುಬಿಡುತ್ತಿದ್ದರು. ಶಿಬಿರದಲ್ಲಿ ದಾಖಲೆ ಪುಸ್ತಕವಿತ್ತು. ಬಗೆ, ತೂಕ, ದಿನ ಎಲ್ಲವೂ ಅದರಲ್ಲಿ ಬರುತ್ತಿತ್ತು.

ಆ ಶಿಬಿರಗಳಿದ್ದ ಕಾವೇರಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ಹತ್ತು ವರ್ಷ ಮೀರಿತು. ಹಿಡಿದು ಬಿಟ್ಟರೂ ಮೀನಿಗೆ ನೋವು ನೋವೇ, ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಗಾಳದ ಜೊತೆ ಪುಸ್ತಕವೂ ಮುಚ್ಚಿತು. ಆ ಪುಸ್ತಕಗಳ ಬೆಲೆ ಎಷ್ಟೆಂಬುದು ತಿಳಿದದ್ದು ಆಮೇಲೆ. ಸಂಶೋಧಕರು ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಸಿಕ್ಕ ಮೀನುಗಳ ಸಂಖ್ಯೆ ಏರಿತ್ತು, ಗೂನು ಬೆನ್ನಿನವು ಮಾತ್ರ ಇಳಿಯುತ್ತಾ ಬಂದಿದ್ದವು. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಮನಸ್ಸಿನಿಂದಲೇ ನಮ್ಮ ಹೊಳೆಗೆ ತಂದು ಬಿಟ್ಟ ಜಾತಿ ಅದು. ಹೊಳೆ ತುಂಬಿದಂತೆ ಕಾಣುತ್ತಿತ್ತು, ಮನೆಯ ಮಗ ಕಾಣೆಯಾಗಿದ್ದ.

ಇನ್ನೂ ನೋವಿನ ಸಂಗತಿ, ಆ ಮಗನಿಗೆ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದಲ್ಲಿ ಹರಿದು ಕಾವೇರಿ ಕಣಿವೆ ಸೇರುವ ಪಾಂಬಾರ್‌ನಲ್ಲಿ 2007ರಲ್ಲಿ ಗುರುತಿಸಿದ ‘ಟಾರ್ ರೆಮಾದೇವಿ’ಯೂ ನಮ್ಮ ಗೂನು ಮೀನೂ ಒಂದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ನೀಲಗಿರಿ ಕಡೆಯ ಮೋಯಾರ್ ಹೊಳೆಯಲ್ಲಿ ಇನ್ನೂ ಉಳಿದಿದೆ.

ಕೃಷ್ಣಗಿರಿ, ಧರ್ಮಪುರಿಗಳ ಕಾಡು 2022ರಲ್ಲಿ ಕಾವೇರಿ ದಕ್ಷಿಣ ಅಭಯಾರಣ್ಯವಾಗಿದೆ. ಈಗ ನದಿಯ ಎರಡೂ ದಡಗಳಲ್ಲಿ ಕಾವಲಿದೆ. ಆ ಕಾವಲಿನವರಲ್ಲಿ ನನ್ನ ಬೇಡಿಕೆ ಇಷ್ಟೇ: ಮಡುಗಳ ಹೆಸರು ಬಲ್ಲ ತೆಪ್ಪದವರನ್ನು, ಬೆಸ್ತರನ್ನು ಕರೆದು ಕೂರಿಸಿಕೊಂಡು ಮತ್ತೆ ಎಣಿಕೆ ಶುರುಮಾಡಿ. ಹೊಗೇನಕಲ್‌ನ ಬಲೆಗಾರರೇ, ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮೀನು ನಿಮ್ಮ ಬಲೆಗೆ ಬಿದ್ದರೆ ದಯವಿಟ್ಟು ನೀರಿಗೆ ಬಿಡಿ. ಬಿಡುವ ಮೊದಲು ಮೊಳ ಹಾಕಿ. ದಿನ, ಮಡುವಿನ ಹೆಸರು, ಉದ್ದ, ಇವನ್ನು ಮಕ್ಕಳ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಬರೆದಿಟ್ಟರೂ ಸಾಕು.