ಕಾಲು ಜೋಮು ಹಿಡಿದಾಗ

ಕೇಳುಗರೇ, ನಮಸ್ಕಾರ.

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ, ಸಂಜೆ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕೂತವರು ಬೇಗ ಏಳುವುದಿಲ್ಲ. ಎದ್ದಾಗ ಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ಇರುವೆ ಹರಿದಂತೆ ಜುಮುಜುಮು. ಕಾಲು ಜೋಮು ಹಿಡೀತು ಅನ್ನುತ್ತೇವಲ್ಲ, ಅದೇ ಇದು.

ರಕ್ತ ಓಡಾಟ ನಿಂತಿತ್ತು ಅಂತ ತುಂಬಾ ಜನ ಹೇಳುತ್ತಾರೆ. ಅದು ಅರ್ಧ ಮಾತು. ಮುಖ್ಯವಾಗಿ ಅದುಮಿಹೋಗುವುದು ನರ. ನಿಮ್ಮ ಮೊಣಕಾಲಿನ ಸ್ವಲ್ಪ ಕೆಳಗೆ, ಹೊರಮಗ್ಗುಲಲ್ಲಿ ಮುಟ್ಟಿ ನೋಡಿ. ಗುಂಡನೆಯ ಮೂಳೆಯೊಂದು ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲೇ ಸುತ್ತಿಕೊಂಡು ಒಂದು ನರ ಪಾದದ ಕಡೆ ಇಳಿಯುತ್ತದೆ. ಅಲ್ಲಿ ಅದು ಚರ್ಮದ ಹತ್ತಿರವೇ ಇರುತ್ತದೆ. ಕಾಲ ಮೇಲೆ ಕಾಲು ಹಾಕಿದರೂ, ಕುಕ್ಕರುಗಾಲಲ್ಲಿ ಕೂತರೂ ಒತ್ತಡ ಬೀಳುವುದು ಅದರ ಮೇಲೆ. ನರಕ್ಕೆ ರಕ್ತ ಒದಗಿಸುವ ಸಣ್ಣ ನಾಳಗಳೂ ಜೊತೆಗೇ ಅದುಮಿಹೋಗುತ್ತವೆ. ಕಾಲಿನ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಾಲು ಚಾಚಿದ ಮೇಲೆ ನರ ಚೇತರಿಸಿಕೊಳ್ಳುವಾಗ ಆಗುವುದೇ ಆ ಜುಮುಜುಮು.

ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಗಾಡಿ ಓಡಿಸುವವರಿಗೂ ಹೀಗೇ ಆಗಬಹುದು. ಅಲ್ಲಿ ಒತ್ತುವುದು ಸಯಾಟಿಕ್ ನರ, ದೇಹದಲ್ಲೇ ಎಲ್ಲಕ್ಕಿಂತ ದಪ್ಪ ನರ. ಪರ್ಸ್ ತೆಗೆದು ಮುಂದಿಟ್ಟರೆ ಸಾಕು.

ಜೋಮು ಹಿಡಿದಾಗ ದಡಬಡಿಸಿ ಏಳಬೇಡಿ. ಮನೆಯ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಿ. ಕಾಲು ಹಿಡಿತಕ್ಕೆ ಬರುವ ಮೊದಲೇ ಎದ್ದು ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಕೂತಲ್ಲೇ ಪಾದ ಆಡಿಸಿ, ಕಾಲು ಚಾಚಿ, ಗೋಡೆ ಹಿಡಿದು ನಿಧಾನ ಏಳಿ. ಕೆಲಸದ ನಡುವೆಯೂ ಆಗಾಗ ಕೂತ ಭಂಗಿ ಬದಲಿಸಿ.

ಕೆಲವು ನಿಮಿಷದಲ್ಲಿ ಹೋಗುವ ಜೋಮಿಗೆ ಹೆದರಬೇಕಿಲ್ಲ. ಸುಮ್ನೆ ಇದ್ದಾಗಲೂ ಎರಡೂ ಪಾದ ಮರಗಟ್ಟುತ್ತಿದ್ದರೆ, ಚಪ್ಪಲಿ ಜಾರಿಬಿದ್ದರೂ ತಿಳಿಯದಿದ್ದರೆ, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಲೇಬೇಕು. ಬಿ12 ಜೀವಸತ್ವ ಕಮ್ಮಿಯಾದರೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಳ್ಳುವವರಲ್ಲಿ ಅದು ಕಮ್ಮಿಯಾಗುವುದುಂಟು. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ನಡೆಯುವಾಗ ಪಾದ ಮೇಲೆತ್ತಲು ಆಗದೆ ಹೆಬ್ಬೆರಳು ನೆಲಕ್ಕೆ ತಾಗುತ್ತಿದ್ದರೆ ಬೇಗ ತೋರಿಸಿ. ಸೊಂಟನೋವಿನ ಜೊತೆ ತೊಡೆಸಂದಿ ಮರಗಟ್ಟಿ, ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.