ಮೂರು ಎಕರೆ ಹದಿಮೂರು ಗುಂಟೆ

ನಮಸ್ಕಾರ್ರಿ. ರಾಯಚೂರಿನ ಯರಮರಸ್‌ಗೆ ವಿಮಾನ ಯಾವಾಗ ಬರುತ್ತೆ, ಟಿಕೆಟ್ ಎಷ್ಟಾಗುತ್ತೆ, ಬಳ್ಳಾರಿಯ ಚಾಗನೂರಲ್ಲಿ ನಿಲ್ದಾಣಕ್ಕೆ ಅಂತ ಹಿಡಿದ ಜಮೀನಿನ ಕಥೆ ಏನಾಯ್ತು? ನಮ್ಮ ಕಡೆ ಚಹಾದಂಗಡಿ ಮುಂದೆ ವಿಮಾನದ ಮಾತು ಅಂದ್ರೆ ಇಷ್ಟೇ. ರನ್‌ವೇ ಮುಗಿದ ಮೇಲೆ ಏನಿರುತ್ತೆ ಅಂತ ಯಾರೂ ಕೇಳಲ್ಲ. ನನ್ನ ತಕರಾರು ಅದರ ಬಗ್ಗೆನೇ.

ವಿಮಾನ ರನ್‌ವೇ ದಾಟಿ ಹೋಯ್ತು ಅಂದ ಕೂಡಲೇ "ಬ್ರೇಕ್ ಫೇಲ್ ಆಗಿರ್ಬೇಕು" ಅಂತೀವಿ. ತಪ್ಪು ಬಹಳ ಸಲ ಶುರುವಾಗೋದು ನೆಲದಿಂದ ಸಾವಿರ ಅಡಿ ಮೇಲೇ. ಅಷ್ಟೊತ್ತಿಗೆ ಚಕ್ರ ಕೆಳಗಿಳಿದಿರಬೇಕು, ನಿಧಾನ ಇಳಿಯೋಕೆ ರೆಕ್ಕೆಯಿಂದ ಚಾಚೋ ಫ್ಲ್ಯಾಪ್ ಪೂರ್ತಿ ಹೊಂದಿಸಿರಬೇಕು, ವೇಗ ಲೆಕ್ಕಕ್ಕೆ ಬಂದಿರಬೇಕು. ಮೂರು ಡಿಗ್ರಿ ಇಳಿಜಾರಿನಲ್ಲಿ 140 ನಾಟ್ (ಗಂಟೆಗೆ ಸುಮಾರು 260 ಕಿ.ಮೀ.) ವೇಗದಲ್ಲಿ ಬಂದ್ರೆ ನಿಮಿಷಕ್ಕೆ ಸುಮಾರು 700 ಅಡಿ ಇಳೀತಾರೆ. ಇಳಿಯೋ ವೇಗ ನಿಮಿಷಕ್ಕೆ ಸಾವಿರ ಅಡಿ ದಾಟಿದ್ರೆ ಏನೋ ಕೆಟ್ಟಿದೆ ಅಂತ. ಆಗ ಇಳಿಸೋದು ಬಿಟ್ಟು ಮತ್ತೆ ಮೇಲೇರಬೇಕು, ಅದೇ ಗೋ ಅರೌಂಡ್. ಆದ್ರೆ ವಿಮಾನ ಸುರಕ್ಷತೆಯ ಸಂಸ್ಥೆ ಫ್ಲೈಟ್ ಸೇಫ್ಟಿ ಫೌಂಡೇಶನ್ ಲೆಕ್ಕದಲ್ಲಿ, ಹೀಗೆ ಹದ ತಪ್ಪಿದಾಗ ಮೇಲೇರಿದವರು ನೂರಕ್ಕೆ ಮೂರೇ ಮಂದಿ.

ಮಂಗಳೂರು, 2010ರ ಮೇ 22. ರನ್‌ವೇ 8,033 ಅಡಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಚಕ್ರ ಊರಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಸಹ ಪೈಲಟ್ ಮೇಲೇರೋಣ ಅಂತ ಮತ್ತೆ ಮತ್ತೆ ಹೇಳಿದ್ರು. ಕ್ಯಾಪ್ಟನ್ ಇಳಿಸಿಯೇ ಬಿಟ್ರು, ಇಂಜಿನ್ ಬಲ ಮುಂದಕ್ಕೆ ತಿರುಗಿಸಿ ವಿಮಾನ ನಿಧಾನಿಸೋ ಥ್ರಸ್ಟ್ ರಿವರ್ಸರ್ ಹಾಕಿದ್ರು, ಆಮೇಲೆ ಹಾರೋಕೆ ನೋಡಿದ್ರು. ರಿವರ್ಸರ್ ತೆರೆದ ಮೇಲೆ ಹಾರೋ ಮಾತೇ ಇಲ್ಲ, ಅಲ್ಲೇ ನಿಲ್ಲಿಸ್ಬೇಕು. ತುದಿಯಾಚೆ, ಇಳಿಯೋ ವಿಮಾನಕ್ಕೆ ದಾರಿ ತೋರಿಸೋ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಂದಕಕ್ಕೆ ಹೋಯ್ತು. 158 ಜನ ಸತ್ರು, ಉಳಿದವರು 8.

ಕೋಯಿಕ್ಕೋಡ್, 2020ರ ಆಗಸ್ಟ್ 7. ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇಲ್ಲೂ ರನ್‌ವೇ ದಾಟಿ ಹೋಯ್ತು. ಮಳೆ, ಕೈಕೊಟ್ಟ ವೈಪರ್, ಹಿಂದಿನಿಂದ 14 ನಾಟ್ ಗಾಳಿ. ಹಿಂಗಾಳಿ 10 ನಾಟ್ ಇದ್ರೂ ನಿಲ್ಲೋಕೆ ಬೇಕಾದ ದೂರ ಸುಮಾರು ಐದನೇ ಒಂದು ಪಾಲು ಹೆಚ್ಚುತ್ತೆ. ವೇಗ ದುಪ್ಪಟ್ಟಾದ್ರೆ ನಿಲ್ಲೋ ದೂರ ನಾಲ್ಕು ಪಟ್ಟು, ಇದನ್ನ ಸಂಡೂರಿನ ಅದಿರು ಲಾರಿ ಡ್ರೈವರ್‌ಗೆ ಯಾರೂ ಕಲಿಸ್ಬೇಕಾಗಿಲ್ಲ. ಮೇಲಾಗಿ ರನ್‌ವೇ ಮೇಲೆ ನೀರು ನಿಂತಿದ್ರೆ, 200 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದ ಟೈರ್ ಸುಮಾರು 127 ನಾಟ್ ಮೇಲಿನ ವೇಗದಲ್ಲಿ ನೀರಿನ ಮೇಲೇ ತೇಲಬಹುದು. ಟೈರ್ ನೆಲಾನೇ ಮುಟ್ಟದಿದ್ರೆ ಬ್ರೇಕ್ ಒತ್ತಿ ಏನು ಬಂತು? 8,858 ಅಡಿ ರನ್‌ವೇಯಲ್ಲಿ 4,438 ಅಡಿ ದಾಟಿ ಚಕ್ರ ಊರಿತ್ತು. 21 ಜನ ಹೋದ್ರು.

ಪೈಲಟ್ ತಪ್ಪು ಮಾಡ್ತಾನೆ, ಮನುಷ್ಯ. ಆ ತಪ್ಪಿಗೆ ಜಾಗ ಬಿಡೋದು ನಿಲ್ದಾಣ ಕಟ್ಟೋರ ಕೆಲಸ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ನಿಯಮ ಏನಪ್ಪಾ ಅಂದ್ರೆ, ರನ್‌ವೇ ತುದಿಯಿಂದ 60 ಮೀಟರ್ ಪಟ್ಟಿ, ಅದರಾಚೆ ದಾಟಿ ಬಂದ ವಿಮಾನಕ್ಕೆ ಅಂತ ಬಿಡೋ ಸುರಕ್ಷಾ ಪ್ರದೇಶ ಕನಿಷ್ಠ 90 ಮೀಟರ್. ದೊಡ್ಡ ರನ್‌ವೇಗಳಿಗೆ 240 ಇರಲಿ ಅಂತ ಶಿಫಾರಸು. ಅಗಲ ರನ್‌ವೇಯ ಎರಡರಷ್ಟು.

45 ಮೀಟರ್ ಅಗಲದ ರನ್‌ವೇ ಅಂತ ಇಟ್ಕೊಂಡು ಗುಣಿಸಿ ನೋಡ್ರಿ. 90 ಮೀಟರ್‌ಗೆ 2 ಎಕರೆ. 240ಕ್ಕೆ 5 ಎಕರೆ 13 ಗುಂಟೆ. ಕನಿಷ್ಠಕ್ಕೂ ಶಿಫಾರಸಿಗೂ ಇರೋ ಅಂತರ ಒಂದು ತುದಿಗೆ 3 ಎಕರೆ 13 ಗುಂಟೆ! ನೂರಾರು ಎಕರೆ ಹಿಡಿದು ಟರ್ಮಿನಲ್‌ಗೆ ಗಾಜು ಹಾಕಿಸೋರು ಇಲ್ಲಿ ಚೌಕಾಸಿ ಮಾಡಬಾರದು. ರೈತನ ಹೊಲ ಹೋಗುತ್ತೆ ಅನ್ನೋ ಸಂಕಟ ನಿಜ, ಚಾಗನೂರಿನ ಹೋರಾಟಾನೂ ನಿಜ. ಜಾಗ ಸಿಗದ ಕಡೆ ಚಕ್ರದ ಭಾರಕ್ಕೆ ಪುಡಿಯಾಗೋ ಹಗುರ ಕಾಂಕ್ರೀಟ್ ಹಾಸು ಹಾಕ್ತಾರೆ, ಅಮೆರಿಕದ ಎಷ್ಟೋ ನಿಲ್ದಾಣಗಳಲ್ಲಿದೆ. ಒಟ್ಟಿನಲ್ಲಿ ಎರಡರಲ್ಲೊಂದು ಇರಲೇಬೇಕು.

240 ಮೀಟರ್ ಜಾಗ ಬಿಟ್ರೆ ಮುಗೀತು ಅಂತಾನೂ ಅಲ್ಲ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್ ವಿಮಾನ ಹೊಟ್ಟೆ ಮೇಲೆ ಜಾರಿ ಬಂತು. ರನ್‌ವೇ ತುದಿಯಿಂದ ಸುಮಾರು 250 ಮೀಟರ್ ದೂರದಲ್ಲಿ ಆಂಟೆನಾ ನಿಲ್ಲಿಸೋಕೆ ಕಾಂಕ್ರೀಟ್ ತುಂಬಿದ ದಿಬ್ಬ ಕಟ್ಟಿದ್ರು. ಅದಕ್ಕೆ ಬಡಿದು 179 ಜನ ಸತ್ರು, ಬದುಕಿದವರು ಇಬ್ಬರು. ಆಂಟೆನಾ ಬಡಿದ್ರೆ ಮುರಿದು ಬೀಳೋ ಹಾಗಿರಬೇಕು, ಅದರ ಬುಡಾನೂ ಹಾಗೇ.

ನಮ್ಮದು ಎರೆಭೂಮಿ ಬೇರೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿನೇ ಹೂತು ಹೋಗುತ್ತೆ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು "ಸುರಕ್ಷಾ ಪ್ರದೇಶ" ಅಂತ ಬರೆದ್ರೆ ಸಾಲದು. ಮಟ್ಟ ಮಾಡಿ, ಮೊರಂ ಹಾಕಿ ರೋಲರ್ ಓಡಿಸಿ, ನೀರು ಹರಿಯೋ ದಾರಿ ಮಾಡಿರಬೇಕು. ಯಾಕಂದ್ರೆ ವಿಮಾನದ ಹಿಂದೆನೇ ಅಗ್ನಿಶಾಮಕ ಗಾಡಿ ಅದೇ ನೆಲದ ಮೇಲೆ ಓಡಬೇಕು, ಟ್ಯಾಂಕ್ ತುಂಬ ನೀರು ಹೊತ್ಕೊಂಡು, ಆಗಸ್ಟ್ ತಿಂಗಳ ಮಳೆಯಲ್ಲೂ.